ಮೆಲ್ಬರ್ನಿನ ಎರಡು ಛಾವಣಿಗಳು

ಮೆಲ್ಬರ್ನಿನ ಫ್ಲಿಂಡರ್ಸ್ ಸ್ಟ್ರೀಟ್ ರೈಲು ನಿಲ್ದಾಣದಿಂದ ಹೊರಬಿದ್ದು, ಟ್ರಾಮ್ ಹಳಿ ದಾಟಿ ರಸೆಲ್ ಸ್ಟ್ರೀಟಿನ ಮೂಲೆಯತ್ತ ನಡೆದರೆ ಮಿನಾರುಗಳು ಕಣ್ಣಿಗೆ ಬೀಳುತ್ತವೆ. ತಾಮ್ರದ ಗುಮ್ಮಟ, ಗಡಿಯಾರದ ಗೋಪುರ, ಕಮಾನು ಕಿಟಕಿಗಳು. ಮಸೀದಿಯೋ ಸುಲ್ತಾನರ ಅರಮನೆಯೋ ಅನ್ನಿಸುವ ಈ ಕಟ್ಟಡ ಹುಟ್ಟಿದ್ದೇ ಸಿನಿಮಾಕ್ಕಾಗಿ. 1929ರ ಫೆಬ್ರವರಿಯಲ್ಲಿ ಸ್ಟೇಟ್ ಥಿಯೇಟರ್ ಎಂಬ ಹೆಸರಿನಲ್ಲಿ ಬಾಗಿಲು ತೆರೆದಾಗ ಇಲ್ಲಿ 3,300ಕ್ಕೂ ಹೆಚ್ಚು ಸೀಟುಗಳಿದ್ದವು. ಈಗ ಇದರ ಹೆಸರು ಫೋರಂ.

ಹೊರಗಿನ ಮೂರಿಷ್ ಶೈಲಿ ಬಾಗಿಲಲ್ಲೇ ನಿಂತುಬಿಡುತ್ತದೆ. ಒಳಗೆ ಕಾಲಿಟ್ಟರೆ ಇಟಲಿಯ ಯಾವುದೋ ಶ್ರೀಮಂತನ ತೋಟ: ಗೋಡೆಯ ಗೂಡುಗಳಲ್ಲಿ ಗ್ರೀಕ್, ರೋಮನ್ ಮಾದರಿಯ ಪ್ರತಿಮೆಗಳು, ಕಂಬಸಾಲು, ಅವುಗಳ ಮೇಲೆ ಕಡುನೀಲಿ ಛಾವಣಿ. ಆ ನೀಲಿಯಲ್ಲಿ ಸಣ್ಣ ಸಣ್ಣ ದೀಪಗಳು ನಕ್ಷತ್ರಗಳಾಗಿ ಮಿನುಗುತ್ತವೆ. ಗೋಡೆ ಎಲ್ಲಿ ಮುಗಿದು ಬಾನು ಎಲ್ಲಿ ಶುರುವಾಯಿತೆಂದು ಕಣ್ಣಿಗೆ ಸುಲಭಕ್ಕೆ ಗೊತ್ತಾಗುವುದಿಲ್ಲ, ಏಕೆಂದರೆ ಛಾವಣಿಯ ಅಂಚನ್ನು ಗೋಡೆಯ ಅಲಂಕಾರದ ಹಿಂದೆ ಅಡಗಿಸಿ ಕೆಳಗಿನಿಂದ ಬೆಳಕು ಬಿಟ್ಟಿದ್ದಾರೆ. ಬಯಲಾಟ ನೋಡಿ ಬೆಳೆದವರಿಗೆ ಈ ಆಸೆ ಚೆನ್ನಾಗಿ ಅರ್ಥವಾಗುತ್ತದೆ. ಆಟ ನಡೆಯುವಾಗ ತಲೆಯ ಮೇಲೆ ಇರುಳು ಇರಬೇಕು.

ಈ ಬಗೆಯ ಥಿಯೇಟರುಗಳನ್ನು ಜನಪ್ರಿಯಗೊಳಿಸಿದವನು ಜಾನ್ ಎಬರ್ಸನ್. ಯುರೋಪಿನಿಂದ ಅಮೆರಿಕೆಗೆ ವಲಸೆ ಹೋದ ಈ ವಾಸ್ತುಶಿಲ್ಪಿ 1923ರಲ್ಲಿ ಹ್ಯೂಸ್ಟನ್ನಿನ ಮೆಜೆಸ್ಟಿಕ್ ಥಿಯೇಟರಿನೊಳಗೆ ಆಕಾಶವನ್ನು ತಂದು ಕೂರಿಸಿದ. ಅದರಲ್ಲಿ ಲೆಕ್ಕಾಚಾರವೂ ಇತ್ತು. ಕೆತ್ತನೆ ತುಂಬಿದ ಗುಮ್ಮಟ, ದೊಡ್ಡ ದೊಡ್ಡ ತೂಗುದೀಪಗಳಿಗಿಂತ ನುಣುಪಾದ ನೀಲಿ ಛಾವಣಿ ಅಗ್ಗ. ಆದರೆ ಟಿಕೆಟ್ ಕೊಂಡು ಬಂದ ಗಿರಣಿ ಕೆಲಸದವರಿಗೂ ಅಂಗಡಿ ಹುಡುಗಿಯರಿಗೂ ಸಿಕ್ಕ ಬೆರಗು ಅಗ್ಗದ್ದಾಗಿರಲಿಲ್ಲ.

ಫೋರಂ ಬಿಟ್ಟು ಸ್ವಾನ್‌ಸ್ಟನ್ ಸ್ಟ್ರೀಟಿಗೆ ಬಂದರೆ ಕ್ಯಾಪಿಟಲ್ ಥಿಯೇಟರು. ನಡೆದು ಹೋಗುವಷ್ಟೇ ದೂರ. ಹೊರಗೆ ನೋಡಲು ಇದು ಹತ್ತು ಮಹಡಿಯ ಕಚೇರಿ ಕಟ್ಟಡ. ಮಿನಾರಿಲ್ಲ, ಗುಮ್ಮಟವಿಲ್ಲ. ಗ್ರೀಸಿನಿಂದ ಬಂದು ಹೋಟೆಲು ನಡೆಸಿ ಹಣವಂತನಾದ ಆಂಟನಿ ಲೂಕಸ್ ಇದನ್ನು ಕಟ್ಟಿಸಿದವರಲ್ಲಿ ಒಬ್ಬ. ನಕ್ಷೆ ವಾಲ್ಟರ್ ಬರ್ಲಿ ಗ್ರಿಫಿನ್ ಮತ್ತು ಮೇರಿಯನ್ ಮಹೋನಿ ಗ್ರಿಫಿನ್ ದಂಪತಿಗಳದು. ಕ್ಯಾನ್‌ಬೆರಾ ನಗರದ ನಕ್ಷೆಗೆ 1912ರಲ್ಲಿ ಬಹುಮಾನ ಗೆದ್ದವರು ಇವರೇ. 1924ರ ನವೆಂಬರಿನಲ್ಲಿ ಸೆಸಿಲ್ ಬಿ. ಡಿಮಿಲ್‌ನ ‘ದ ಟೆನ್ ಕಮಾಂಡ್‌ಮೆಂಟ್ಸ್’ ಮೂಕಿಚಿತ್ರದೊಂದಿಗೆ ಥಿಯೇಟರು ಶುರುವಾಯಿತು.

ಲಾಬಿ ಬೇಕೆಂದೇ ತಗ್ಗು. ಕೋನಕೋನವಾಗಿ ಕತ್ತರಿಸಿದ ಪ್ಲಾಸ್ಟರು ತಲೆಗೆ ತೀರಾ ಹತ್ತಿರದಲ್ಲಿದೆ. ಮೆಟ್ಟಿಲು ಹತ್ತಿ ಒಳಹೊಕ್ಕ ಕ್ಷಣಕ್ಕೆ ಎಲ್ಲವೂ ಒಮ್ಮೆಲೇ ಮೇಲಕ್ಕೆ ತೆರೆದುಕೊಳ್ಳುತ್ತದೆ. ಇಡೀ ಛಾವಣಿ ಸ್ಫಟಿಕದ ಹರಳುಗಳಾಗಿ ಒಡೆದಿದೆ: ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವ ಪ್ಲಾಸ್ಟರಿನ ಸಾಲುಗಳು, ಪ್ರತಿ ಸಾಲಿನ ಹಿಂದೆ ಕಾಣದಂತೆ ಇಟ್ಟ ಬಣ್ಣದ ದೀಪಗಳು. ನಾನು ಬಾಲ್ಕನಿಯಲ್ಲಿ ಕುತ್ತಿಗೆ ಎತ್ತಿ ಕೂತಿದ್ದಾಗ ಕೆಂಪು ನಿಧಾನವಾಗಿ ಇಳಿದು ಅದೇ ಅಂಚಿನ ಹಿಂದಿನಿಂದ ಹಸಿರು ಮೂಡಿತು. ಎರಡೂ ಕೂಡಿದ ಕಡೆ ಒಂದಿಷ್ಟು ಹೊತ್ತು ಜೇನಿನ ಬಣ್ಣ ನಿಂತು ಆಮೇಲೆ ನೀಲಿ ಹರಿಯಿತು. ಒಂದು ಬಲ್ಬೂ ಕಣ್ಣಿಗೆ ಬೀಳಲಿಲ್ಲ. ಮೂಕಿಚಿತ್ರಗಳ ಕಾಲದಲ್ಲಿ ಸಂಗೀತದ ಜೊತೆ ಈ ಬಣ್ಣಗಳೂ ಬದಲಾಗುತ್ತಿದ್ದವು. ಈಗ ಆ ಜಾಗದಲ್ಲಿ ಎಲ್‌ಇಡಿ ದೀಪಗಳಿವೆ.

ಫೋರಂ ನಮ್ಮನ್ನು ಇಟಲಿಗೆ ಕರೆದೊಯ್ಯುತ್ತದೆ. ಕ್ಯಾಪಿಟಲ್ ಎಲ್ಲಿಗೂ ಕರೆದೊಯ್ಯುವುದಿಲ್ಲ. ಅದು ಬಾನನ್ನಾಗಲಿ ಅರಮನೆಯನ್ನಾಗಲಿ ನಕಲು ಮಾಡದೆ, ಸಿನಿಮಾ ಯಾವುದರಿಂದ ಆಗಿದೆಯೋ ಆ ಬೆಳಕನ್ನೇ ಹಿಡಿದು ಕಟ್ಟಿದ್ದು. ಅದಕ್ಕೇ ನನ್ನ ಮನಸ್ಸು ಕ್ಯಾಪಿಟಲ್ ಕಡೆ ವಾಲುತ್ತದೆ. ಆಸ್ಟ್ರೇಲಿಯಾದ ಹೆಸರಾಂತ ವಾಸ್ತು ವಿಮರ್ಶಕ ರಾಬಿನ್ ಬಾಯ್ಡ್ ಕೂಡ ಜಗತ್ತಿನಲ್ಲೇ ಇದಕ್ಕೆ ಸಾಟಿಯಾದ ಥಿಯೇಟರಿಲ್ಲ ಎಂದು ನಂಬಿದ್ದರು. ಇದರ ನಕ್ಷೆ ಮಾಡಿದ ವಾಲ್ಟರ್ ಗ್ರಿಫಿನ್ 1935ರಲ್ಲಿ ಲಖನೌಗೆ ಬಂದು, ಪಯನೀರ್ ಪತ್ರಿಕೆಗೆ ಕಟ್ಟಡ ವಿನ್ಯಾಸ ಮಾಡಿ, 1937ರಲ್ಲಿ ಅಲ್ಲೇ ತೀರಿಕೊಂಡ. ಅವನ ಸಮಾಧಿ ಇರುವುದು ನಮ್ಮ ನೆಲದಲ್ಲಿ.

ಟೀವಿ ಬಂದ ಮೇಲೆ ಎರಡೂ ಥಿಯೇಟರುಗಳಿಗೆ ಕಷ್ಟಕಾಲ. ಫೋರಂನ ಬಾಲ್ಕನಿಯನ್ನೂ ಕೆಳಗಿನ ಭಾಗವನ್ನೂ 1960ರ ದಶಕದಲ್ಲಿ ಬೇರ್ಪಡಿಸಿ ಎರಡು ಥಿಯೇಟರು ಮಾಡಿದರು. 1980ರ ದಶಕದಲ್ಲಿ ಕಟ್ಟಡ ಒಂದು ಕ್ರೈಸ್ತ ಪಂಗಡದ ಕೈಗೆ ಹೋಯಿತು. ಕ್ಯಾಪಿಟಲ್‌ಗೆ ಬಿದ್ದ ಏಟು ಇನ್ನೂ ದೊಡ್ಡದು. 1960ರ ದಶಕದಲ್ಲೇ ಅದರ ನೆಲಮಟ್ಟದ ಸೀಟುಗಳನ್ನೆಲ್ಲ ಕಿತ್ತು ಅಂಗಡಿ ಸಾಲು ಹಾಕಿದರು. ಎರಡು ಸಾವಿರ ಜನ ಕೂರುತ್ತಿದ್ದ ಕಡೆ ಈಗ ಬಾಲ್ಕನಿ ಮಟ್ಟದ ಕೆಲವು ನೂರು ಸೀಟುಗಳಷ್ಟೇ. ಜನ ಪಟ್ಟುಹಿಡಿದದ್ದರಿಂದ ಛಾವಣಿ ಉಳಿಯಿತು.

ಕಾಲಿನ್ಸ್ ಸ್ಟ್ರೀಟಿನ ರೀಜೆಂಟ್ ಥಿಯೇಟರು ಕೂಡ 1929ರದೇ. ಕೆಂಪು, ಬಂಗಾರ, ತೂಗುದೀಪಗಳ ವೈಭವ ಅಲ್ಲಿ ಬೇಕಾದಷ್ಟಿದೆ, ಆದರೆ ಹೊಸ ವಿಚಾರ ಕಡಿಮೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು ಉಳಿದ ಬಗೆ. 1970ರಲ್ಲಿ ಮುಚ್ಚಿದ ಮೇಲೆ ಕೆಡವುವ ಮಾತು ಬಂದಾಗ, ಕಟ್ಟಡ ಕಾರ್ಮಿಕರ ಸಂಘವೇ ಅದನ್ನು ಒಡೆಯುವುದಿಲ್ಲ ಎಂದು ನಿಷೇಧ ಹಾಕಿತು. ಗುದ್ದಲಿ ಹಿಡಿಯಬೇಕಾದವರೇ ಒಲ್ಲೆವೆಂದರು. 1996ರಲ್ಲಿ ರೀಜೆಂಟ್ ಮತ್ತೆ ತೆರೆಯಿತು. ಬೆಂಗಳೂರಿನ ಗಾಂಧಿನಗರದಲ್ಲಿ ಕಪಾಲಿಯಂಥ ಥಿಯೇಟರುಗಳು ನೆಲಸಮವಾದದ್ದನ್ನು ಕಂಡ ನನಗೆ ಆ ಕಾರ್ಮಿಕರ ಮೇಲೆ ತುಂಬ ಗೌರವ ಮೂಡಿತು.

ಕ್ಯಾಪಿಟಲ್ ಈಗ ಆರ್‌ಎಂಐಟಿ ವಿಶ್ವವಿದ್ಯಾಲಯದ್ದು; ದುರಸ್ತಿಯಾಗಿ 2019ರಲ್ಲಿ ಮತ್ತೆ ತೆರೆಯಿತು. ಹೋಗುವವರು ಆಗಸ್ಟಿನ ಸುಮಾರಿಗೆ, ನಗರದ ಚಲನಚಿತ್ರೋತ್ಸವದ ವೇಳೆಗೆ ಹೋಗಲಿ. ಸಿನಿಮಾ ಯಾವುದಾದರೂ ಆಗಲಿ, ಟಿಕೆಟ್ ಕೊಂಡು ಅರ್ಧ ಗಂಟೆ ಮುಂಚೆಯೇ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಲಿ. ಇಡೀ ಛಾವಣಿ ಪರದೆಯವರೆಗೂ ಕಾಣುವುದು ಅಲ್ಲಿಂದಲೇ.