ಮನಸ್ಸಿನ ಬೇನೆಗೂ ವೈದ್ಯರ ಚೀಟಿಯುಂಟು

ಮೈ ಕಾದರೆ ಹಣೆ ಮುಟ್ಟಿ ನೋಡುವರು. ಕಾಲು ಮುರಿದರೆ ಕಟ್ಟು ಕಟ್ಟುವರು. ಇಂತಹ ರೋಗಿಯು ಕೆಲಸಕ್ಕೆ ಹೋಗದೆ ಮಲಗಿದ್ದರೆ ಸೋಮಾರಿಯೆಂದು ಯಾರೂ ಹಳಿಯರು. ಆದರೆ ಕೆಲಸದ ಸ್ಥಳದಲ್ಲಿ ದಿನದಿನವೂ ಅವಮಾನವನ್ನು ನುಂಗಿ ನಿದ್ರೆಯನ್ನೂ ಹಸಿವನ್ನೂ ಕಳೆದುಕೊಂಡವರ ವಿಷಯದಲ್ಲಿ ನಮ್ಮ ಜನರು ಅಷ್ಟು ಉದಾರಿಗಳಲ್ಲ. "ಕೆಲಸವೆಂದ ಮೇಲೆ ನಾಲ್ಕು ಮಾತು ಬರುವುದು ಸಹಜ, ಇಷ್ಟಕ್ಕೆಲ್ಲ ಮಲಗಿಬಿಟ್ಟರೆ ಹೇಗೆ?" ಎಂದುಬಿಡುವರು. ಚಿತೆಯು ಸತ್ತವರನ್ನು ಸುಟ್ಟರೆ ಚಿಂತೆಯು ಬದುಕಿರುವವರನ್ನೇ ಸುಡುವುದೆಂಬ ಮಾತು ಎಲ್ಲರ ಬಾಯಲ್ಲಿಯೂ ಉಂಟು. ಆ ಉರಿಯು ಸ್ವಂತ ಮನೆಯವರಿಗೆ ತಗುಲಿದಾಗ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಈ ವಿಷಯವನ್ನು ನಾವು ಎತ್ತಿಕೊಳ್ಳಲು ಕಾರಣವುಂಟು. ನಮ್ಮ ತಂಗಿಯ ಮಗಳು ದಾದಿಯ ವಿದ್ಯೆಯನ್ನು ಕಲಿತು, ಇಂಗ್ಲೆಂಡಿನ ಒಂದು ಶುಶ್ರೂಷಾಲಯದಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿದ್ದಿತು. ಅಲ್ಲಿಗೆ ಹೊಸ ಮೇಲ್ವಿಚಾರಕಿಯೊಬ್ಬಳು ಬಂದಳು. ಆಕೆಯು ಹುಡುಗಿಯ ಉಚ್ಚಾರಣೆಯನ್ನು ರೋಗಿಗಳೆದುರಿಗೇ ಅಣಕಿಸುವಳು, "ನಿಮ್ಮ ದೇಶದವರೆಲ್ಲ ಹೀಗೆಯೇ" ಎನ್ನುವಳು, ಸರದಿಯ ಪಟ್ಟಿಯನ್ನು ಹಿಂದಿನ ರಾತ್ರಿ ಬದಲಿಸುವಳು, ಎಲ್ಲರೂ ಸೇರುವ ಸಭೆಗೆ ಈಕೆಯೊಬ್ಬಳನ್ನು ಕರೆಯದೆ, ಮರುದಿನ "ಏಕೆ ಬರಲಿಲ್ಲ?" ಎಂದು ಗದರಿಸುವಳು. ಒಂದೊಂದಾಗಿ ಎಣಿಸಿದರೆ ಇವೆಲ್ಲವೂ ಅಲ್ಪವೇ. ಆದರೆ ಆರು ತಿಂಗಳು ಕಳೆಯುವಷ್ಟರಲ್ಲಿ ಹುಡುಗಿಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ವಾಂತಿಯೂ ಎದೆಬಡಿತವೂ ತೊಡಗಿದವು. ರಾತ್ರಿ ನಿದ್ರೆ ಹಾರಿಹೋಯಿತು. ಕಡೆಗೆ ವೈದ್ಯರು ಪರೀಕ್ಷಿಸಿ, ಇದು ಕೆಲಸದ ನಿಮಿತ್ತವಾಗಿ ಬಂದ ಮನೋವ್ಯಥೆಯೆಂದು ಬರೆದು, ನಾಲ್ಕು ವಾರ ಕೆಲಸಕ್ಕೆ ಹೋಗಕೂಡದೆಂದು ಚೀಟಿ ಕೊಟ್ಟರು.

ಸುದ್ದಿಯು ಊರಿಗೆ ಮುಟ್ಟಿತು. "ಆ ಹಾಳು ಕೆಲಸವನ್ನು ಬಿಸಾಡಿ ಬಂದುಬಿಡು, ಮಗಳೇ" ಎಂದು ನಮ್ಮ ತಂಗಿ ಅತ್ತಳು. "ಸಾಲವಿನ್ನೂ ತೀರಿಲ್ಲ, ತಾಯಿ, ಬಾಯಿ ಮುಚ್ಚಿಕೊಂಡು ಸಹಿಸು" ಎಂದು ಅವಳ ಯಜಮಾನರು ಹೇಳಿದರು. ಹುಡುಗಿಯು ನಮಗೆ ಫೋನ್ ಮಾಡಿ, "ಮಾವ, ನೀವೇ ಹೇಳಿ. ಈ ಚೀಟಿಯನ್ನು ಕೊಟ್ಟರೆ ನನಗೆ ಹುಚ್ಚೆಂದು ತಿಳಿದು ತೆಗೆದುಹಾಕುವರೋ ಏನೋ" ಎಂದಳು. ತಾಯಿಯ ಮಾತಿನಲ್ಲಿ ಪ್ರೀತಿಯಿದ್ದಿತು, ತಂದೆಯ ಮಾತಿನಲ್ಲಿ ಲೋಕಾನುಭವವಿದ್ದಿತು. ಆದರೆ ಎರಡರಲ್ಲಿಯೂ ಆ ದೇಶದ ಕಾಯಿದೆಯ ತಿಳಿವಳಿಕೆ ಇರಲಿಲ್ಲ. ಆದಕಾರಣ ನಾವು ಅಲ್ಲಿಯ ಕಟ್ಟಳೆಗಳನ್ನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆವು. ಮಕ್ಕಳು ಆ ಸೀಮೆಯಲ್ಲಿರುವ ಸಂಸಾರಗಳು ಈಗ ನಮ್ಮ ನಾಡಿನಲ್ಲಿ ಕಡಿಮೆಯಲ್ಲವಾದುದರಿಂದ ಅದನ್ನು ಇಲ್ಲಿ ಬರೆಯುವೆವು.

ಮೊದಲು ಚೀಟಿಯ ವಿಷಯ. ಇಂಗ್ಲೆಂಡು, ಸ್ಕಾಟ್ಲೆಂಡು, ವೇಲ್ಸುಗಳಲ್ಲಿ ಕೆಲಸಗಾರನು ಏಳು ದಿನಗಳವರೆಗೆ ತನ್ನ ಕಾಯಿಲೆಯನ್ನು ತಾನೇ ಬರೆದು ತಿಳಿಸಬಹುದು; ಅದಕ್ಕೆ ಮೀರಿದರೆ ವೈದ್ಯರ ಚೀಟಿ ಬೇಕು. ಜ್ವರಕ್ಕೂ ಮನೋವ್ಯಥೆಗೂ ಚೀಟಿ ಒಂದೇ. ಅದರ ಬೆಲೆಯೂ ಒಂದೇ. 2010ರಿಂದ ಈ ಚೀಟಿಯಲ್ಲಿ ಎರಡು ಬಗೆ: "ಕೆಲಸಕ್ಕೆ ತಕ್ಕ ಸ್ಥಿತಿಯಲ್ಲಿಲ್ಲ" ಎಂಬುದೊಂದು, "ಇಂತಿಂತಹ ಅನುಕೂಲಗಳಾದರೆ ಕೆಲಸ ಮಾಡಬಹುದು" ಎಂಬುದಿನ್ನೊಂದು. ಚೀಟಿಯುಳ್ಳವರಿಗೆ ಕಾಯಿದೆಯಂತೆ 28 ವಾರಗಳವರೆಗೆ ರೋಗವೇತನವು ಸಲ್ಲುವುದು. ಅದು ಪೂರ್ಣ ಸಂಬಳಕ್ಕಿಂತ ಬಹಳ ಕಡಿಮೆ. ಕೆಲವು ಸಂಸ್ಥೆಗಳು ಮಾತ್ರ ತಮ್ಮ ಕರಾರಿನಂತೆ ಹೆಚ್ಚಾಗಿ ಕೊಡುವುವು. ಆದಕಾರಣ ಕರಾರುಪತ್ರವನ್ನು ತೆಗೆದು ಓದುವುದೇ ಮೊದಲ ಕೆಲಸ. ಕಾಯಿಲೆಯಲ್ಲಿದ್ದ ಮಾತ್ರಕ್ಕೆ ವಾರ್ಷಿಕ ರಜೆಯು ಕೂಡಿಬರುವುದು ನಿಲ್ಲುವುದಿಲ್ಲ. ಕಾಯಿಲೆಯವರನ್ನು ಎಂದಿಗೂ ತೆಗೆದುಹಾಕಲಾಗದೆಂದು ಕೆಲವರು ನಂಬಿರುವರು, ಅದು ಸರಿಯಲ್ಲ. ಆದರೆ ವೈದ್ಯರ ಅಭಿಪ್ರಾಯವನ್ನು ಪಡೆಯದೆ, ಕೆಲಸಗಾರರೊಡನೆ ಮಾತನಾಡದೆ, ಬೇರೆ ಮಾರ್ಗಗಳನ್ನು ವಿಚಾರಿಸದೆ ಒಮ್ಮೆಗೇ ತೆಗೆದರೆ ಅದು ನ್ಯಾಯವಾದ ಕ್ರಮವೆನಿಸದು.

ಇಷ್ಟಾದರೂ ಒಂದು ಮಾತನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಚೀಟಿಯು ವಿಶ್ರಾಂತಿಯನ್ನು ಕೊಡುವುದು, ನ್ಯಾಯವನ್ನು ಕೊಡದು. ರೋಗವಿದೆಯೆಂದು ಅದು ಹೇಳುವುದೇ ಹೊರತು, ಬರಿಸಿದವರು ಯಾರೆಂಬುದನ್ನು ತೀರ್ಮಾನಿಸುವುದಿಲ್ಲ. ಅದಕ್ಕೆ ಬೇರೆಯಾಗಿ ದೂರುಪತ್ರವನ್ನು ಬರೆಯಬೇಕು.

ಬರೆದು ತಿಳಿಸುವುದರ ಮಹತ್ವವನ್ನು ಅಲ್ಲಿಯ ಒಂದು ಪ್ರಸಿದ್ಧ ಮೊಕದ್ದಮೆಯು ತೋರಿಸುವುದು. ನಾರ್ಥಂಬರ್ಲೆಂಡ್ ಪ್ರಾಂತದ ಆಡಳಿತ ಮಂಡಲಿಯಲ್ಲಿ ಸಮಾಜಸೇವೆಯ ಅಧಿಕಾರಿಯಾಗಿದ್ದ ವಾಕರ್ ಎಂಬವರು ಕೆಲಸದ ಹೊರೆಯಿಂದ 1986ರಲ್ಲಿ ಮನಸ್ಸು ಕುಸಿದು ಮಲಗಿದರು. ಮರುವರ್ಷ ಹಿಂದಿರುಗಿದಾಗ ಸಹಾಯಕರನ್ನು ಕೊಡುವೆವೆಂದು ಮಂಡಲಿಯು ಒಪ್ಪಿಕೊಂಡಿತು; ಆದರೆ ಆ ನೆರವು ಬಹುದಿನ ನಿಲ್ಲಲಿಲ್ಲ. ಅವರು ಎರಡನೆಯ ಬಾರಿ ಕುಸಿದರು. 1988ರಲ್ಲಿ ಕೆಲಸದಿಂದ ತೆಗೆಯಲ್ಪಟ್ಟರು. 1994ರಲ್ಲಿ ನ್ಯಾಯಾಲಯವು ಕೊಟ್ಟ ತೀರ್ಪು ಗಮನಾರ್ಹವಾದುದು: ಮೊದಲನೆಯ ಕುಸಿತವನ್ನು ಮಾಲೀಕರು ಮುಂಗಾಣುವಂತಿರಲಿಲ್ಲ, ಅದಕ್ಕೆ ಅವರು ಹೊಣೆಯಲ್ಲ, ಎರಡನೆಯದನ್ನು ಮುಂಗಾಣಬಹುದಾಗಿದ್ದಿತು, ಅದಕ್ಕೆ ಅವರೇ ಹೊಣೆ. ಅಂದರೆ, ತಿಳಿದ ಮೇಲೆ ಹೊಣೆ ಬರುವುದು. ತಿಳಿಸದೆ ಒಳಗೊಳಗೇ ಬೇಯುವವರು ಮಾಲೀಕರಿಗೆ ತಪ್ಪಿಸಿಕೊಳ್ಳುವ ಬಾಗಿಲನ್ನು ತಾವೇ ತೆರೆದಂತಾಯಿತು.

ಸಣ್ಣಪುಟ್ಟ ಕಿರುಕುಳಗಳನ್ನು ಯಾರು ಲಕ್ಷಿಸುವರೆಂದು ಕೇಳುವವರಿಗೂ ಉತ್ತರವುಂಟು. ಲಂಡನ್ನಿನ ಬ್ಯಾಂಕೊಂದರ ಕೆಲಸದವಳನ್ನು ಸಹೋದ್ಯೋಗಿಗಳು ಕಂಡಾಗಲೆಲ್ಲ ನಗುವುದು, ಬಾಯಲ್ಲಿ ಅಸಹ್ಯವಾಗಿ ಸದ್ದು ಮಾಡುವುದು, ಮಾತಿಗೆ ಸೇರಿಸದಿರುವುದು ಮುಂತಾಗಿ ಬಹುಕಾಲ ಪೀಡಿಸಿದ್ದರು. 2006ರಲ್ಲಿ ಹೈಕೋರ್ಟು ಬ್ಯಾಂಕನ್ನೇ ಹೊಣೆಮಾಡಿ, ಎಂಟು ಲಕ್ಷ ಪೌಂಡಿಗೂ ಮೀರಿದ ಪರಿಹಾರವನ್ನು ಆಕೆಗೆ ಕೊಡಿಸಿತು. ಒಂದು ಹನಿಯನ್ನಲ್ಲ, ತುಂಬಿದ ಕೊಡವನ್ನು ನ್ಯಾಯಾಲಯವು ತೂಗಿತು. ಇಂತಹ ದೊಡ್ಡ ಮೊತ್ತವು ಅಪರೂಪವೆಂಬುದನ್ನೂ ಹೇಳಬೇಕು.

ಕೇವಲ ಕಿರುಕುಳವೆಂಬ ಹೆಸರಿನ ಅಪರಾಧವು ಅಲ್ಲಿಯ ಉದ್ಯೋಗದ ಕಾಯಿದೆಯಲ್ಲಿಲ್ಲ. ಆದರೆ ಬಣ್ಣ, ಜನಾಂಗ, ರಾಷ್ಟ್ರೀಯತೆ, ಮತ, ಲಿಂಗ, ವಯಸ್ಸು, ಅಂಗವೈಕಲ್ಯ ಮೊದಲಾದವುಗಳ ಸಂಬಂಧದಲ್ಲಿ ಹೀಯಾಳಿಸುವುದನ್ನು 2010ರ ಸಮಾನತೆಯ ಕಾಯಿದೆಯು ನಿಷೇಧಿಸಿರುವುದು. "ನಿಮ್ಮ ದೇಶದವರೆಲ್ಲ ಹೀಗೆಯೇ" ಎಂಬ ಮಾತು ಆ ಕಾಯಿದೆಯ ಎಲ್ಲೆಯೊಳಗೆ ಬರತಕ್ಕದ್ದು. ಮನೋವ್ಯಥೆಯು ಹನ್ನೆರಡು ತಿಂಗಳು ನಿಂತು, ಅಥವಾ ನಿಲ್ಲುವ ಸಂಭವವಿದ್ದು, ದಿನದ ಬಾಳನ್ನು ಬಲವಾಗಿ ಕೆಡಿಸಿದರೆ, ಅದೂ ಅಂಗವೈಕಲ್ಯದ ಲೆಕ್ಕಕ್ಕೆ ಬರಬಹುದು. ಆಗ ತಕ್ಕ ಅನುಕೂಲಗಳನ್ನು ಮಾಡಿಕೊಡುವುದು ಮಾಲೀಕರ ಕರ್ತವ್ಯವಾಗುವುದು.

ಇವೆಲ್ಲವನ್ನೂ ತಿಳಿದ ಮೇಲೆ ನಾವು ಹುಡುಗಿಗೆ ಹೇಳಿದುದಿಷ್ಟು. ಮೊದಲ ವಾರ ಏನೂ ಬೇಡ, ಉಂಡು ಮಲಗು. ಆ ಬಳಿಕ ಒಂದು ಪುಸ್ತಕದಲ್ಲಿ ನಡೆದುದನ್ನೆಲ್ಲ ಬರೆ: ತಾರೀಖು, ಹೊತ್ತು, ಆಡಿದ ಮಾತು, ಹತ್ತಿರವಿದ್ದವರ ಹೆಸರು. ಬಂದ ಸಂದೇಶಗಳನ್ನು ಅಳಿಸಬೇಡ. ಅದರಿಂದ ದೂರುಪತ್ರವನ್ನು ಸಿದ್ಧಮಾಡಿ ಕಳುಹಿಸು. ದೂರಿನ ವಿಚಾರಣೆಗೆ ಸಹೋದ್ಯೋಗಿಯೊಬ್ಬರನ್ನೋ ಕಾರ್ಮಿಕ ಸಂಘದವರನ್ನೋ ಜೊತೆಗೆ ಕರೆದೊಯ್ಯಲು ಕಾಯಿದೆಯೇ ಅವಕಾಶ ಕೊಟ್ಟಿದೆ, ಒಬ್ಬಳೇ ಹೋಗಬೇಡ.

ಗಡುವಿನ ವಿಷಯವನ್ನು ಒತ್ತಿ ಹೇಳಿದೆವು. ಉದ್ಯೋಗದ ನ್ಯಾಯಮಂಡಲಿಗೆ ಹೋಗಬೇಕಾದರೆ, ಮೊದಲು ಅಕಾಸ್ ಎಂಬ ಸಂಧಾನ ಸಂಸ್ಥೆಗೆ ತಿಳಿಸಬೇಕು. ಹೆಚ್ಚಿನ ವ್ಯಾಜ್ಯಗಳಿಗೆ ಬಹುಕಾಲದಿಂದ ಇದ್ದ ಗಡುವು ಮೂರು ತಿಂಗಳಿಗೆ ಒಂದು ದಿನ ಕಡಿಮೆ. ಅದನ್ನು ಆರು ತಿಂಗಳಿಗೆ ಏರಿಸಲು 2025ರ ಕಾಯಿದೆಯು ಏರ್ಪಾಡು ಮಾಡಿರುವುದು. ತಮ್ಮ ವ್ಯಾಜ್ಯಕ್ಕೆ ಯಾವುದು ಸಲ್ಲುವುದೆಂದು ಅಕಾಸಿನಲ್ಲಿಯೇ ಕೇಳಿಕೊಳ್ಳಬೇಕು. ರೋಗಿಯು ಮಲಗಿರುವಳೆಂದು, ದೂರಿನ ವಿಚಾರಣೆ ಮುಗಿದಿಲ್ಲವೆಂದು ಆ ಗಡುವು ನಿಲ್ಲುವುದಿಲ್ಲ.

ರಾಜೀನಾಮೆಯನ್ನು ಮಾತ್ರ ಆತುರದಲ್ಲಿ ಬರೆಯಬೇಡವೆಂದೆವು. ಮಾಲೀಕರ ನಡತೆಯೇ ತನ್ನನ್ನು ಹೊರದಬ್ಬಿತೆಂದು ಆಮೇಲೆ ಸಾಧಿಸುವ ಭಾರವು ಬಿಟ್ಟವರ ಮೇಲೆಯೇ ಬೀಳುವುದು. ಹೊರದೇಶದವರಿಗೆ ಇನ್ನೊಂದು ತೊಡಕುಂಟು. ಮಾಲೀಕರ ಹೊಣೆಯ ಮೇಲೆ ದೊರೆತ ವೀಸಾ ಆದರೆ, ಕೆಲಸ ಬಿಟ್ಟ ಸುದ್ದಿ ಸರ್ಕಾರಕ್ಕೆ ಹೋಗುವುದು. ಸಾಮಾನ್ಯವಾಗಿ ಅರವತ್ತು ದಿನಗಳೊಳಗೆ ಬೇರೆ ದಾರಿ ಹುಡುಕಬೇಕಾಗುವುದು. ಚೀಟಿಯ ಮೇಲೆ ಕಾಯಿಲೆಯ ರಜೆಯಲ್ಲಿರುವವರಿಗೆ ಈ ಭಯವಿಲ್ಲ. ತಾಯಿಯ ಕಣ್ಣೀರಿಗೆ ಕರಗಿ ಅಂದೇ ಬಿಟ್ಟಿದ್ದರೆ, ಹುಡುಗಿಯು ಕೆಲಸವನ್ನೂ ವೀಸಾವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿದ್ದಳು.

ದೂರಿನ ವಿಚಾರಣೆಗೆ ಎರಡು ತಿಂಗಳು ಹಿಡಿಯಿತು. ಅಣಕಿಸಿದ ಮಾತುಗಳನ್ನು ಕೇಳಿದ್ದ ಇಬ್ಬರು ಸಾಕ್ಷಿ ನುಡಿದರು. ಹುಡುಗಿಯನ್ನು ಬೇರೆ ವಿಭಾಗಕ್ಕೆ ಹಾಕಿ, ಮೊದಲ ಮೂರು ವಾರ ಅರ್ಧ ಹೊತ್ತಿನ ಕೆಲಸ ಕೊಟ್ಟರು. ಮೇಲ್ವಿಚಾರಕಿಗೆ ಏನಾಯಿತೆಂದು ಯಾರೂ ಹೇಳಲಿಲ್ಲ. ಕ್ಷಮೆ ಕೇಳಿದವರೂ ಇಲ್ಲ. ಊರಿಗೆ ಕಳುಹಿಸುವ ಹಣವು ಆ ತಿಂಗಳುಗಳಲ್ಲಿ ನಿಂತುಹೋಯಿತು. ಆದರೆ ಅವಳು ಈಗ ಉಣ್ಣುವಳು, ನಿದ್ರಿಸುವಳು. ನಮಗೆ ಅಷ್ಟೇ ಸಾಕು.

ದೂರದಲ್ಲಿರುವ ತಾಯಿತಂದೆಗಳಿಂದ ಕಾಯಿದೆಯ ಕೆಲಸವು ಆಗಲಾರದು. ಆದರೆ ಮನೆಯವರ ಕೆಲಸವು ಆಗಬಲ್ಲುದು. ಮಗನೋ ಮಗಳೋ "ಕೆಲಸಕ್ಕೆ ಹೋಗಲು ಆಗುತ್ತಿಲ್ಲ" ಎಂದಾಗ, ಸಾಲದ ಮಾತನ್ನೂ ನೆಂಟರ ಮಾತನ್ನೂ ಬದಿಗಿಟ್ಟು, "ಊಟ ಮಾಡಿದೆಯಾ? ನಿದ್ರೆ ಬಂದಿತೆ? ವೈದ್ಯರನ್ನು ಕಂಡೆಯಾ?" ಎಂದು ಕೇಳಬೇಕು. ಚೀಟಿ ತಂದವರನ್ನು ರೋಗಿಯೆಂದೇ ಕಾಣಬೇಕು. ಹೊರಗೆ ಅವಮಾನಪಟ್ಟು ಬಂದವರು ಮನೆಯಲ್ಲಿಯೂ ಅದನ್ನು ಉಣ್ಣುವಂತಾದರೆ, ಯಾವ ದೇಶದ ಯಾವ ಕಾಯಿದೆಯೂ ಅವರನ್ನು ಉಳಿಸಲಾರದು.