ಕುಸ್ವಾರಿನ ತಟ್ಟೆ, ಸಕ್ಕರೆಯ ಲೆಕ್ಕ

ಡಿಸೆಂಬರ್ ಎರಡನೆಯ ವಾರ ಬಂತೆಂದರೆ ನಮ್ಮ ಮನೆಯ ಅಟ್ಟದ ಮೇಲಿನ ತಗಡಿನ ಡಬ್ಬಗಳು ಕೆಳಗಿಳಿಯುತ್ತವೆ. ಅವನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಒಳಗೆ ಕಾಗದ ಹಾಸಿ ಸಾಲಾಗಿ ಇಟ್ಟಮೇಲೆ ಕ್ರಿಸ್‌ಮಸ್ ಹತ್ತಿರ ಬಂತೆಂದೇ ಲೆಕ್ಕ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಈ ಹಬ್ಬಕ್ಕೆ ಮಾಡುವ ತಿಂಡಿಗಳಿಗೆಲ್ಲ ಒಟ್ಟಾಗಿ ಕೊಂಕಣಿಯಲ್ಲಿ 'ಕುಸ್ವಾರ್' ಎಂದು ಹೆಸರು. ಘಟ್ಟದ ಮೇಲಿನವರು ಕರ್ಜಿಕಾಯಿ ಎನ್ನುವುದಕ್ಕೆ ನಮ್ಮಲ್ಲಿ ನೆವ್ರಿ ಎನ್ನುತ್ತಾರೆ. ಮೈದಾ ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನಿನ ಮೇಲೆ ಒತ್ತಿ ಸುರುಳಿ ಸುತ್ತಿ ಕರಿದರೆ 'ಕಿಡ್ಯೊ'. ಆ ಮಾತಿಗೆ ಹುಳುಗಳು ಎಂದರ್ಥ. ಹೆಸರು ಕೇಳಿ ಮುಖ ಸಿಂಡರಿಸಬೇಡಿ, ತಿಂದು ನೋಡಿದವರು ಇನ್ನೊಂದು ಹಿಡಿ ಕೇಳುತ್ತಾರೆ. ಇನ್ನು ಅಚ್ಚನ್ನು ಎಣ್ಣೆಯಲ್ಲಿ ಕಾಯಿಸಿ ಹಿಟ್ಟಿಗೆ ಅದ್ದಿ ಬಿಡುವ ರೋಸ್ ಕುಕೀಸ್, ತೆಂಗಿನ ಹಾಲಿನ ಗುಳಿಯೊ, ತುಕ್ಡಿ, ಚಕ್ಕುಲಿ, ಎಳ್ಳಿನ ಲಾಡು. ಇವೆಲ್ಲದರ ಮೇಲೆ ಯಜಮಾನನ ಹಾಗೆ ಕೂರುವುದು ಕೇಕು.

ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಓವನ್ ಇರಲಿಲ್ಲ. ದೊಡ್ಡ ಪಾತ್ರೆಯಲ್ಲಿ ಮರಳು ಹಾಕಿ, ಅದರೊಳಗೆ ಕೇಕಿನ ತಟ್ಟೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಅಮ್ಮ ಬೇಯಿಸುತ್ತಿದ್ದಳು. ಒಂದು ಮಗ್ಗುಲು ಸೀಯುವುದು, ಇನ್ನೊಂದು ಮಗ್ಗುಲು ಹಸಿ ಉಳಿಯುವುದು ಮಾಮೂಲು. ಸೀದ ಅಂಚನ್ನು ಕೊಯ್ದು ಮಕ್ಕಳಿಗೆ ಕೊಡುತ್ತಿದ್ದಳು. ನಡುರಾತ್ರಿಯ ಪೂಜೆ ಮುಗಿಸಿ ಬರುವ ತನಕ ನಮಗೆ ಸಿಗುತ್ತಿದ್ದುದು ಆ ಅಂಚು ಮಾತ್ರ. ಉಳಿದದ್ದು ಡಬ್ಬದೊಳಗೆ, ಡಬ್ಬ ಅಮ್ಮನ ಮಂಚದಡಿಗೆ.

ಈಗ ನಮ್ಮ ಮನೆಯಲ್ಲಿ ನಾಲ್ಕೇ ಜನ. ಅವರಲ್ಲಿ ಇಬ್ಬರು ಈ ಡಬ್ಬಗಳ ವಿಷಯದಲ್ಲಿ ಉತ್ತರ, ದಕ್ಷಿಣ.

ಒಬ್ಬರು ಮಾಂಯ್, ಅಂದರೆ ನನ್ನ ಅತ್ತೆ. ಎಪ್ಪತ್ತಾರು ವರ್ಷ. ಸಕ್ಕರೆ ಕಾಯಿಲೆ ಹಿಡಿದು ಹದಿನಾಲ್ಕು ವರ್ಷವಾಯಿತು, ದಿನಕ್ಕೆ ಎರಡು ಬಾರಿ ಇನ್ಸುಲಿನ್. ಆದರೂ ಕುಸ್ವಾರಿನ ಯಜಮಾನಿಕೆ ಅವರದೇ. ನೆವ್ರಿಯ ಅಂಚನ್ನು ಅವರಷ್ಟು ಅಂದವಾಗಿ ಮಡಿಸುವವರು ನಮ್ಮ ವಾಡೆಯಲ್ಲೇ ಇಲ್ಲ. ಇನ್ನೊಬ್ಬಳು ನನ್ನ ಮಗಳು, ದ್ವಿತೀಯ ಪಿ.ಯು.ಸಿ. ಒಂದೂವರೆ ವರ್ಷದಿಂದ ಅವಳಿಗೆ ತೂಕದ ಚಿಂತೆ. ಮೊದಲು ಸಿಹಿ ಬಿಟ್ಟಳು, ಆಮೇಲೆ ಕರಿದದ್ದು ಬಿಟ್ಟಳು, ಕಳೆದ ಹಬ್ಬದಲ್ಲಿ ತಟ್ಟೆಯನ್ನೇ ಮುಟ್ಟಲಿಲ್ಲ. ಅಜ್ಜಿ ಕೈಯಾರೆ ಮಾಡಿದ ಕಿಡ್ಯೊವನ್ನು 'ಇದು ವಿಷ ಅಜ್ಜಿ' ಎಂದಳು. ಮಾಂಯ್ ಉತ್ತರ ಕೊಡಲಿಲ್ಲ. ಎದ್ದು ಒಳಗೆ ಹೋದರು. ಜನವರಿ ಕೊನೆಯಲ್ಲಿ ಅವರ ರಕ್ತಪರೀಕ್ಷೆಯ ಫಲಿತಾಂಶ ಬಂದಾಗ ಡಾಕ್ಟರರು ಹುಬ್ಬೇರಿಸಿದರು. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಅದು. ಡಿಸೆಂಬರಿನಲ್ಲಿ ಕದ್ದು ತಿಂದದ್ದೂ ಅದರಲ್ಲಿ ಬರುತ್ತದೆ.

ಒಬ್ಬರು ತಿನ್ನಬಾರದಷ್ಟು ತಿನ್ನುತ್ತಾರೆ, ಇನ್ನೊಬ್ಬಳು ತಿನ್ನಬೇಕಾದಷ್ಟನ್ನೂ ತಿನ್ನುವುದಿಲ್ಲ. ನಡುವೆ ಸೌಟು ಹಿಡಿದು ನಿಂತವಳು ನಾನು. ಸಕ್ಕರೆ ಕಾಯಿಲೆ ನಮ್ಮ ಮನೆಯ ಸೊತ್ತೇನಲ್ಲ ಬಿಡಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಜನರಿಗೆ ಇದೆ ಎಂದಿತು. ಹಾಗಾಗಿ ಹಬ್ಬದ ಅಡುಗೆಮನೆಯ ಈ ಜಟಾಪಟಿ ನಿಮ್ಮಲ್ಲೂ ಇದ್ದೀತು. ದೀಪಾವಳಿಗೋ ಗಣೇಶ ಚೌತಿಗೋ ಎಂಬುದಷ್ಟೇ ವ್ಯತ್ಯಾಸ.

ಮಗಳೊಡನೆ ಜಗಳವಾಡುವುದಕ್ಕಿಂತ ಲೆಕ್ಕ ಮಾಡುವುದು ಮೇಲು ಎನಿಸಿ ಒಂದು ಭಾನುವಾರ ಅವಳ ಕೈಗೆ ಕಾಗದ ಪೆನ್ನು ಕೊಟ್ಟೆ. ನಮ್ಮ ಕೇಕಿನ ಅಳತೆ ಹಳೆಯ ಪೌಂಡ್ ಕೇಕಿನದು. ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ ಒಂದೊಂದು ಪೌಂಡ್, ಅಂದರೆ ಸುಮಾರು 450 ಗ್ರಾಮ್. ಆ ಹೆಸರು ಬಂದದ್ದೇ ಹಾಗೆ. ಅದರ ಮೇಲೆ ಅರ್ಧ ಕಿಲೋ ಒಣದ್ರಾಕ್ಷಿ, 100 ಗ್ರಾಮ್ ಗೋಡಂಬಿ. ಒಂದು ಗ್ರಾಮ್ ಸಕ್ಕರೆಗೆ 4 ಕ್ಯಾಲೊರಿ, ಕೊಬ್ಬಿಗೆ 9. ಕೂಡಿಸಿದಾಗ ಇಡೀ ಕೇಕಿಗೆ 9 ಸಾವಿರ ದಾಟಿತು. ಮಗಳು 'ನೋಡಿದಿರಾ ಮಮ್ಮಿ!' ಎಂದು ಗೆದ್ದ ಮುಖ ಮಾಡಿದಳು. 'ಈಗ 40 ತುಂಡು ಮಾಡು' ಎಂದೆ. ತುಂಡಿಗೆ 230ರ ಆಸುಪಾಸು ಬಂತು. ಸೇರಿಸಿದ ಸಕ್ಕರೆ ತುಂಡಿಗೆ 11 ಗ್ರಾಮ್. ದೊಡ್ಡವರು ದಿನಕ್ಕೆ ಹೀಗೆ ಸೇರಿಸಿದ ಸಕ್ಕರೆಯನ್ನು 50 ಗ್ರಾಮಿಗಿಂತ ಕೆಳಗಿಡಬೇಕು, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಸ್ಥೂಲ ಲೆಕ್ಕ. ಆಮೇಲೆ, ಅವಳು ಕಾಲೇಜಿನ ಹತ್ತಿರ ಗೆಳತಿಯರ ಜತೆ ಕುಡಿಯುವ ಕೋಲಾದ ಲೇಬಲ್ ಓದಿಸಿದೆ. 300 ಮಿಲಿಲೀಟರಿನ ಬಾಟಲಿಯಲ್ಲಿ 30 ಗ್ರಾಮಿಗೂ ಹೆಚ್ಚು. ಅಂದರೆ ಅಜ್ಜಿಯ ಕೇಕಿನ ಸುಮಾರು ಮೂರು ತುಂಡಿನ ಸಕ್ಕರೆ ಒಂದು ಬಾಟಲಿಯಲ್ಲಿ, ಅದೂ ಹೊಟ್ಟೆ ತುಂಬದ ಹಾಗೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಇಷ್ಟಾದ ಮೇಲೆ ಅಡುಗೆಮನೆಯಲ್ಲಿ ಪ್ರಯೋಗಗಳು ಶುರುವಾದವು. ಇದಕ್ಕೆ ಮಗಳ ರಸಾಯನಶಾಸ್ತ್ರ ಒದಗಿತು. ಕೇಕಿಗೆ ಸಕ್ಕರೆ ಬರೀ ಸಿಹಿಗಲ್ಲ. ಬೆಣ್ಣೆಯೊಂದಿಗೆ ತಿಕ್ಕುವಾಗ ಅದರ ಹರಳುಗಳೇ ಗಾಳಿಯನ್ನು ಒಳಗೆ ಹಿಡಿದಿಡುತ್ತವೆ, ತೇವವನ್ನು ಉಳಿಸುತ್ತವೆ, ಮೇಲ್ಮೈಗೆ ಕಂದು ಬಣ್ಣ ಬರಿಸುತ್ತವೆ. ಕಾಲು ಭಾಗ ಕಡಿಮೆ ಮಾಡಿದೆವು. ಒಣದ್ರಾಕ್ಷಿಯ ಸಿಹಿ ಇದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಅರ್ಧ ಕಡಿಮೆ ಮಾಡಿದ ಕೇಕು ಬಿಳಿಚಿಕೊಂಡು, ಮೂರನೆಯ ದಿನಕ್ಕೆ ಒಣ ಬ್ರೆಡ್ಡಿನ ಹಾಗಾಯಿತು. ಅರ್ಧ ಮೈದಾದ ಬದಲು ಗೋಧಿ ಹಿಟ್ಟು ಹಾಕಬಹುದು. ಆದರೆ ತೌಡು ನೀರು ಹೀರುವುದರಿಂದ ಒಂದಿಷ್ಟು ಹಾಲು ಹೆಚ್ಚು ಬೇಕು, ಕೇಕೂ ಸ್ವಲ್ಪ ಭಾರ.

ನೆವ್ರಿಯನ್ನು ಕರಿಯದೆ, ಮೇಲೆ ಹಾಲು ಸವರಿ ಓವನ್ನಿನಲ್ಲಿಟ್ಟೆವು. ಚೆನ್ನಾಗಿತ್ತು, ಬಿಸ್ಕತ್ತಿನ ಹಾಗೆ. ಮಾಂಯ್ ಒಂದು ಕಚ್ಚಿ, 'ಇದು ನೆವ್ರಿಯಲ್ಲ, ನೆವ್ರಿಯ ಫೋಟೋ' ಎಂದರು. ನನಗೂ ಹಾಗೇ ಅನ್ನಿಸಿತ್ತು. ರೋಸ್ ಕುಕೀಸ್ ಅಂತೂ ಬೇಯಿಸುವುದಕ್ಕಾಗುವುದೇ ಇಲ್ಲ. ಅಚ್ಚು ಕಾಯಬೇಕಾದ್ದೇ ಎಣ್ಣೆಯಲ್ಲಿ. ಕರಿಯುವುದಾದರೆ ಸರಿಯಾಗಿ ಕರಿಯಬೇಕು, ಅಷ್ಟೇ. ಎಣ್ಣೆ ಸಾಕಷ್ಟು ಕಾಯದಿದ್ದರೆ ಹಿಟ್ಟು ಎಣ್ಣೆ ಕುಡಿಯುತ್ತದೆ. ಚಿಟಿಕೆ ಹಿಟ್ಟು ಹಾಕಿದ ಕೂಡಲೇ ಮೇಲೆ ತೇಲಿ ಬರಬೇಕು. ಕರಿದ ಎಣ್ಣೆಯನ್ನು ವಾರಗಟ್ಟಲೆ ಕಾಯಿಸಿ ಕಾಯಿಸಿ ಬಳಸಬಾರದು. ಹಿಂದೆ ತಿಂಡಿ ಗರಿಗರಿಯಾಗಲೆಂದು ಹಿಟ್ಟಿಗೆ ವನಸ್ಪತಿ ಹಾಕುವುದಿತ್ತು. ಅದರಲ್ಲಿನ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು ಸರಕಾರವೇ 2022ರ ಜನವರಿಯಿಂದ ಅದಕ್ಕೆ ಶೇಕಡಾ 2ರ ಮಿತಿ ಹಾಕಿತು. ನಾವು ತುಪ್ಪಕ್ಕೆ ಬಂದಿದ್ದೇವೆ, ಅದೂ ಅಳೆದು. ಕಿಡ್ಯೊವನ್ನು ಸಕ್ಕರೆ ಪಾಕದಲ್ಲಿ ಹೊರಳಿಸುವುದನ್ನು ಬಿಟ್ಟೆವು. ಹಿಟ್ಟಿನೊಳಗಿನ ತೆಂಗಿನ ಹಾಲಿನ ರುಚಿ ಆಮೇಲೆಯೇ ನಾಲಗೆಗೆ ಸಿಕ್ಕಿದ್ದು.

ಬೆಲ್ಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಸಕ್ಕರೆ ಬೇಡ, ಬೆಲ್ಲ ಹಾಕಿದರೆ ಸಕ್ಕರೆ ಕಾಯಿಲೆಯವರೂ ತಿನ್ನಬಹುದು ಎಂಬ ಉಪದೇಶವನ್ನು ನಾನು ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಇಗರ್ಜಿಯ ಮೆಟ್ಟಿಲಲ್ಲಿ ಕೇಳಿದ್ದೇನೆ. ಬೆಲ್ಲವೆಂದರೆ ಹೆಚ್ಚುಕಡಿಮೆ ಸಕ್ಕರೆಯೇ. 100 ಗ್ರಾಮ್ ಸಕ್ಕರೆಯಲ್ಲಿ 400ರಷ್ಟು ಕ್ಯಾಲೊರಿಯಿದ್ದರೆ ಬೆಲ್ಲದಲ್ಲಿ 380. ರುಚಿಗೆ ಬೆಲ್ಲ ಹಾಕಿ, ಮದ್ದೆಂದು ಹಾಕಬೇಡಿ. ಸಕ್ಕರೆರಹಿತ ಎಂದು ಮಾರುವ ಕೇಕಿನ ಕಥೆಯೂ ಅಷ್ಟೆ. ಅದರ ಮೈದಾ ಹೊಟ್ಟೆಗೆ ಹೋಗಿ ಸಕ್ಕರೆಯೇ ಆಗುತ್ತದೆ.

ಮಾಂಯ್ ವಿಷಯದಲ್ಲಿ ಡಾಕ್ಟರರನ್ನೇ ಕೇಳಿದೆವು. ಪೂರ್ತಿ ನಿಷೇಧಿಸಿದರೆ ಕದ್ದು ತಿನ್ನುತ್ತಾರೆ, ಕದ್ದು ತಿಂದದ್ದಕ್ಕೆ ಲೆಕ್ಕ ಇರುವುದಿಲ್ಲ ಎಂಬುದು ಅವರ ಅನುಭವ. ಬೆಳಗ್ಗೆ, ಸಂಜೆ ಬಾಯಾಡಿಸುವ ಬದಲು ಊಟದ ಜತೆಗೆ ಒಂದು ಸಣ್ಣ ತುಂಡು, ಅಷ್ಟು ಅನ್ನ ಕಡಿಮೆ, ಹಬ್ಬದ ದಿನಗಳಲ್ಲಿ ರಕ್ತಪರೀಕ್ಷೆ ತಪ್ಪದೆ. ಒಂದು ಎಚ್ಚರಿಕೆಯನ್ನು ಮಾತ್ರ ಬೆರಳೆತ್ತಿ ಹೇಳಿದರು. ಇನ್ಸುಲಿನ್ ತೆಗೆದುಕೊಂಡವರು ಸಿಹಿಗೆ ಜಾಗ ಮಾಡಲೆಂದು ಊಟ ಬಿಡಬಾರದು. ಸಕ್ಕರೆ ಥಟ್ಟನೆ ಕೆಳಗಿಳಿದು ತಲೆ ತಿರುಗಿ ಬೀಳಬಹುದು. ಇದು ನಮ್ಮ ಮಾಂಯ್‌ಗೆ ಅವರ ಡಾಕ್ಟರರು ಹೇಳಿದ್ದು. ನಿಮ್ಮ ಮನೆಯವರಿಗೆ ಎಷ್ಟು ಎಂಬುದನ್ನು ಅವರನ್ನು ನೋಡುವ ಡಾಕ್ಟರರೇ ಹೇಳಬೇಕು.

ಇಷ್ಟೆಲ್ಲ ಪ್ರಯೋಗದ ನಡುವೆ ನನ್ನನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ನನ್ನ ಅಮ್ಮ ಸಕ್ಕರೆಯನ್ನು ಒಂದು ಚಮಚವೂ ಕಡಿಮೆ ಮಾಡಿದವಳಲ್ಲ. ಆದರೂ ನಾವು ತಿಂದದ್ದು ಕಡಿಮೆ, ಹೇಗೆ? ಒಂದನೆಯದಾಗಿ ಕೇಕು ವರ್ಷಕ್ಕೆ ಒಂದೇ ಸಲ. ಈಗ ಹುಟ್ಟುಹಬ್ಬಕ್ಕೆ ಕೇಕು, ಪರೀಕ್ಷೆ ಮುಗಿದದ್ದಕ್ಕೆ ಕೇಕು, ಬಸ್‌ಸ್ಟ್ಯಾಂಡಿನ ಪಕ್ಕದ ಬೇಕರಿಯಲ್ಲಿ ದಿನವೂ ಪಫ್ಸ್. ಹಬ್ಬದ ತಿಂಡಿ ವಾರದ ತಿಂಡಿಯಾಗಿಬಿಟ್ಟಿದೆ, ಹಬ್ಬವನ್ನು ದೂರಿ ಏನು ಫಲ? ಎರಡನೆಯದು ಅಳತೆ. ಅಮ್ಮ ಮೂರು ಕೇಕು ಮಾಡುತ್ತಿದ್ದುದು ಹದಿನೆಂಟು ಮನೆಗೆ. ಲೇಸಿನ ಬಟ್ಟೆ ಮುಚ್ಚಿದ ತಟ್ಟೆಗಳನ್ನು ಹೊತ್ತು ನಾವು ಮಕ್ಕಳು ಭಟ್ಟರ ಮನೆಗೆ, ಬ್ಯಾರಿಗಳ ಮನೆಗೆ, ಪೋಸ್ಟ್‌ಮನ್ನಿನ ಮನೆಗೆ ಓಡುತ್ತಿದ್ದೆವು. ಬರಿತಟ್ಟೆ ಹಿಂದೆ ಕೊಡಬಾರದೆಂದು ಅವರು ಒಂದು ಹಿಡಿ ಸಕ್ಕರೆ ಹಾಕಿ ಕಳಿಸುವರು. (ಆ ಸಕ್ಕರೆಯನ್ನು ದಾರಿಯಲ್ಲೇ ನೆಕ್ಕುತ್ತಿದ್ದೆವು, ಅದು ಯಾವ ಲೆಕ್ಕಕ್ಕೂ ಸೇರಿಲ್ಲ.) ಕೊನೆಗೆ ಮನೆಯಲ್ಲಿ ಉಳಿಯುತ್ತಿದ್ದುದು ತಲೆಗೆ ಮೂರು ತುಂಡು. ನಮ್ಮ ಮನೆಯಲ್ಲಿ ಜನ ನಾಲ್ಕಕ್ಕೆ ಇಳಿದರು, ಓಡುವ ಮಕ್ಕಳು ಇಲ್ಲವಾದರು, ತಟ್ಟೆಗಳು ಏಳಕ್ಕೆ ಬಂದವು. ಮಾಂಯ್ ಬಾಣಲೆಯ ಅಳತೆ ಮಾತ್ರ ಇಳಿಯಲಿಲ್ಲ. ಉಳಿದದ್ದನ್ನು ಚೆಲ್ಲಬಾರದೆಂದು ಫೆಬ್ರವರಿಯ ತನಕ ತಿನ್ನುವವರು ಯಾರು? ಅವರೇ.

ಈ ಸಲ ಕುಸ್ವಾರಿನ ಪಟ್ಟಿಯನ್ನು ಮಗಳು ಬರೆದಳು, ಮಾಂಯ್ ಹೇಳಿ ಬರೆಸಿದರು. ಎರಡು ಕೇಕು, ಎರಡರಲ್ಲೂ ಸಕ್ಕರೆ ಕಾಲು ಭಾಗ ಕಡಿಮೆ. ತುಕ್ಡಿ ರದ್ದು. ಎಳ್ಳಿನ ಲಾಡು ನಿಂಬೆಹಣ್ಣಿನ ಬದಲು ನೆಲ್ಲಿಕಾಯಿ ಗಾತ್ರ. ನೆವ್ರಿ ಕರಿದದ್ದೇ, ಆದರೆ ಇನ್ನೂರರ ಬದಲು ನೂರ ಇಪ್ಪತ್ತು. ರೋಸ್ ಕುಕೀಸಿನ ಮುಂದೆ ಮಗಳು ಐವತ್ತು ಎಂದು ಬರೆದಾಗ ಮಾಂಯ್ ಪೆನ್ನು ಹಿಡಿದರು. ಎದುರುಮನೆಯ ಬ್ಯಾರಿಗಳ ಮಕ್ಕಳಿಗೆ ಅದೇ ಇಷ್ಟ, ನೂರಕ್ಕೆ ಒಂದೂ ಕಡಿಮೆಯಾಗಕೂಡದು ಎಂದರು. ಏಳಿದ್ದ ತಟ್ಟೆಗಳನ್ನು ಹದಿಮೂರು ಮಾಡುವ ಕೆಲಸ, ಅಂದರೆ ಬೀದಿ ಸುತ್ತುವ ಕೆಲಸ, ಮಗಳಿಗೆ. ಪರೀಕ್ಷೆಯ ಓದಿದೆ ಎಂದು ಗೊಣಗಿದಳು. ಮೊನ್ನೆ ನೆವ್ರಿ ಮಡಿಸಲು ಅಜ್ಜಿಯ ಪಕ್ಕ ಕುಳಿತವಳು, ಅಂಚು ಬಿಟ್ಟುಕೊಂಡ ಒಂದನ್ನು 'ಇದನ್ನು ತಟ್ಟೆಗೆ ಇಡುವ ಹಾಗಿಲ್ಲವಲ್ಲ ಅಜ್ಜಿ' ಎನ್ನುತ್ತ ಬಾಯಿಗೆ ಹಾಕಿಕೊಂಡಳು. ಮಾಂಯ್ ಅವಳ ಮುಖ ನೋಡದೆ, ಇನ್ನೊಂದರ ಅಂಚನ್ನು ಬೇಕೆಂದೇ ಸಡಿಲ ಬಿಟ್ಟು ಬಾಣಲೆಗೆ ಇಳಿಸಿದರು.