ಒಂದು ಕುಣಿಕೆ ಕೈಯಲ್ಲಿರುವ ತನಕ

“ಕೊಡು ಇಲ್ಲಿ. ಅಂಚು ಒಳಕ್ಕೆ ಓಡ್ತಾ ಇದೆ.”

ಸಾಲು ಮುಗಿಸಿ ಕೆಲಸವನ್ನು ತಿರುಗಿಸುವಷ್ಟರಲ್ಲಿ ದೊಡ್ಡಮ್ಮ ಕೈ ಚಾಚಿದ್ದಾರೆ. ಮೈಸೂರಿನ ಹಳೇ ಮನೆಯ ಜಗಲಿ, ಮಧ್ಯಾಹ್ನದ ಬಿಸಿಲು ಇನ್ನೂ ಮೆಟ್ಟಿಲು ಹತ್ತಿಲ್ಲ. ನಿಮ್ಮ ಮಡಿಲಲ್ಲಿ ಕೆನೆಬಣ್ಣದ ಹತ್ತಿ ದಾರದ ಕ್ರೋಶಾ ಮೇಲಂಗಿ. ಕುತ್ತಿಗೆಯಲ್ಲಿ ಶುರುವಾಗಿ, ಭುಜ ಇಳಿದು, ಕಂಕುಳನ್ನು ಈಗಷ್ಟೇ ದಾಟಿದೆ. ಮುಂಭಾಗ ತೆರೆದಿದೆ. ಅದರ ಎರಡು ಅಂಚೂ ನೇರವಾಗಿ ಸೊಂಟಕ್ಕೆ ಇಳಿಯಬೇಕಿತ್ತು. ದೊಡ್ಡಮ್ಮ ಅದನ್ನು ನೆಲದ ಮೇಲೆ ಹಾಸಿ ಅಂಗೈಯಲ್ಲಿ ಸವರಿದಾಗ ಕಾಣುತ್ತದೆ, ಎರಡೂ ಕಡೆ ಒಂದಿಷ್ಟು ಓರೆ.

“ಎಣಿಸು.”

ಕಡ್ಡಿಗೆ ದಾರ ಸುತ್ತಿ ಎತ್ತರಕ್ಕೆ ಎಬ್ಬಿಸುವ ಹೊಲಿಗೆಯನ್ನು ಇಲ್ಲಿ ಕಂಬ ಎನ್ನುತ್ತಾರೆ. ಸಾಲಿಗೆ 180 ಕಂಬ ಇರಬೇಕು. ಎಣಿಸುತ್ತೀರಿ, ಇನ್ನೊಮ್ಮೆ ಎಣಿಸುತ್ತೀರಿ. 174. ಆರು ಸಾಲು, ಆರು ಕಂಬ. ಪ್ರತಿ ಸಾಲಿನ ಕೊನೆಯಲ್ಲೂ ಒಂದೊಂದು ಜಾರಿದೆ.

ದೊಡ್ಡಮ್ಮ ಬೈಯುವುದಿಲ್ಲ, ಕನ್ನಡಕ ಏರಿಸಿಕೊಂಡು ಅಂಚನ್ನು ಕಣ್ಣಿನ ಹತ್ತಿರ ತರುತ್ತಾರೆ. ನೀವೂ ಬಗ್ಗಿ. ಸಾಲು ತಿರುಗುವಾಗ ಮೊದಲು ಕುಣಿಕೆಯೊಳಗಿಂದ ಕುಣಿಕೆ ಎಳೆದು ಮೂರು ಚೈನು ಹಾಕಿದ್ದೀರಲ್ಲ, ಅದೇ ಹೊಸ ಸಾಲಿನ ಮೊದಲ ಕಂಬ. ಆದರೆ ಉಳಿದ ಕಂಬಗಳ ಹಾಗೆ ಅದಕ್ಕೆ ಸೊಂಟದಲ್ಲಿ ಸುತ್ತು ಇಲ್ಲ, ಸಣಕಲಾಗಿ ಅಂಚಿಗೆ ಅಂಟಿಕೊಂಡು ನಿಂತಿದೆ. ಮರಳಿ ಬರುವಾಗ ಕಣ್ಣು ಅದನ್ನು ಕಂಬ ಎಂದು ಗುರುತಿಸುವುದಿಲ್ಲ, ಕೈ ಅದಕ್ಕಿಂತ ಮೊದಲೇ ತಿರುಗಿಬಿಡುತ್ತದೆ. ದೊಡ್ಡಮ್ಮ ಕಡ್ಡಿಯ ತುದಿಯನ್ನು ಮೂರನೇ ಚೈನಿನ ಎರಡು ಎಳೆಯ ಅಡಿಗೆ ತೂರಿಸಿ ತೋರಿಸುತ್ತಾರೆ. “ಕೊನೇ ಕಂಬ ಇಲ್ಲಿ ಕೂರಬೇಕು. ಪ್ರತಿ ಸಲ ಇಲ್ಲೊಂದು ಕೆಂಪು ನೂಲು ಸಿಗಿಸಿಡು. ವಾಪಸು ಬಂದಾಗ ಅದೇ ಕರೆಯುತ್ತೆ.”

“ಹಾಗಾದ್ರೆ ಇದನ್ನ?”

“ಬಿಚ್ಚು.”

ದಾರ ಹಿಡಿದು ಎಳೆಯುತ್ತೀರಿ. ಟಕಟಕ ಎಂದು ಒಂದೊಂದೇ ಕಂಬ ಕುಸಿಯುತ್ತದೆ. ಸುರುಳಿ ಸುರುಳಿಯಾಗಿ ದಾರ ಮಡಿಲಿಗೆ ಬೀಳುತ್ತದೆ. ಮುಕ್ಕಾಲು ವಾರದ ಸಂಜೆಗಳು ಹೀಗೆ ಹೋಗುವಾಗ ಹೊಟ್ಟೆ ಚುರುಕ್ಕೆನ್ನುವುದು ನಿಜ. ಆದರೆ ನೋಡಿ, ಒಂದು ಗೇಣು ದಾರವೂ ಹಾಳಾಗಲಿಲ್ಲ. ರವಿಕೆ ಬಟ್ಟೆಗೆ ತಪ್ಪು ಕತ್ತರಿ ಬಿದ್ದರೆ ಬಿತ್ತು, ಅದನ್ನು ಯಾರೂ ಕೂಡಿಸಲಾರರು. ಕ್ರೋಶಾದಲ್ಲಿ ಎಷ್ಟೇ ದೊಡ್ಡ ಬಟ್ಟೆಯಾದರೂ ಕಡ್ಡಿಯ ಮೇಲೆ ಉಳಿದಿರುವುದು ಬಹುಮಟ್ಟಿಗೆ ಒಂದೇ ಒಂದು ಜೀವಂತ ಕುಣಿಕೆ. ಅದನ್ನು ಬಿಟ್ಟರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬಹುದು, ಬೇಕಾದ ಕಡೆ ನಿಂತು ಮತ್ತೆ ಹೊರಡಬಹುದು. ಈ ಕೈಗೆಲಸದ ಅತಿ ದೊಡ್ಡ ಔದಾರ್ಯ ಇದೇ ಎಂದು ನನಗೆ ಅನ್ನಿಸುತ್ತದೆ. ಕಲಿಯುವವರು ಮೊದಲ ದಿನವೇ ಹೆದರದೆ ಬಿಚ್ಚುವುದನ್ನೂ ಕಲಿಯಬೇಕು.

ಮತ್ತೆ ಶುರು. ದೊಡ್ಡಮ್ಮನ ಕಣ್ಣು ಈಗ ನಿಮ್ಮ ಎಡಗೈ ತೋರುಬೆರಳಿನ ಮೇಲೆ. ಅಲ್ಲಿ ದಾರ ಒತ್ತಿ ಒತ್ತಿ ಕೆಂಪು ಗೆರೆ ಮೂಡಿದೆ. “ಕುಚ್ಚಿನ ಕೈ ನಿಂದು,” ಎನ್ನುತ್ತಾರೆ. ಸರಿಯಾಗಿಯೇ ಹೇಳಿದರು. ನಮ್ಮ ಕಡೆ ಈಗ ಕ್ರೋಶಾ ಕಡ್ಡಿ ಹಿಡಿದವರಲ್ಲಿ ಎಷ್ಟೋ ಮಂದಿ ಹಿಡಿದಿರುವುದು ಸೀರೆ ಕುಚ್ಚಿಗಾಗಿ. ಸೆರಗಿನ ಅಂಚಿಗೆ ರೇಷ್ಮೆ ದಾರ, ಮಣಿ, ಗಟ್ಟಿ ಬಿಗಿತ. ಅಲ್ಲಿ ಕೈ ಸಡಿಲವಾದರೆ ಕುಚ್ಚು ಜೋಲುತ್ತದೆ. ಮೈಮೇಲೆ ಬೀಳುವ ಜಾಲರಿ ಬಟ್ಟೆಗೆ ಅದೇ ಬಿಗಿತ ಶತ್ರು. ಅದು ಬಳುಕದೆ ಸೆಟೆದು ನಿಲ್ಲುತ್ತದೆ. ಮೊದಲ ಚೈನು ಸಾಲಂತೂ ಬಿಗಿಯಾದರೆ ಕುತ್ತಿಗೆಯನ್ನೇ ಹಿಡಿದುಬಿಡುತ್ತದೆ. ಅದಕ್ಕೇ ದೊಡ್ಡಮ್ಮ ಆ ಒಂದು ಸಾಲನ್ನು ಮಾತ್ರ ದಪ್ಪ ಕಡ್ಡಿಯಲ್ಲಿ ಹಾಕಿಸಿ, ಆಮೇಲೆ ಎರಡೂವರೆ ಮಿಲಿಮೀಟರಿನ ಕಡ್ಡಿಗೆ ಇಳಿಸಿದ್ದರು.

ಅದಕ್ಕೂ ಮೊದಲು ನಿಮಗೆ ಸಿಟ್ಟು ಬರಿಸಿದ ಆ ಚೌಕದ ತುಂಡು ನೆನಪಿದೆಯೇ? ಅಂಗಿ ಶುರು ಮಾಡಲು ಕೈ ತುರಿಸುತ್ತಿದ್ದಾಗ ಅಂಗೈಯಗಲದ ನಮೂನೆ ಯಾಕೆ ಎನ್ನಿಸಿತ್ತು. ಲೆಕ್ಕ ಹೀಗೆ: ಪುಸ್ತಕದ ಮಾದರಿ 10 ಸೆಂಟಿಮೀಟರಿಗೆ 28 ಕಂಬ ಎನ್ನುತ್ತದೆ. ಎದೆಯ ಸುತ್ತಳತೆ 92 ಸೆಂಟಿಮೀಟರು ಆದರೆ ಒಟ್ಟು 258. ಅದೇ ಕಡ್ಡಿ, ಅದೇ ದಾರ, ಆದರೆ ಹಾಕುವವರ ಕೈ ಕೊಂಚ ಸಡಿಲವಾಗಿ 25 ಕಂಬಕ್ಕೇ 10 ಸೆಂಟಿಮೀಟರು ತುಂಬಿತು ಎನ್ನಿ. ಆಗ ಅಷ್ಟೇ 258 ಕಂಬ 103 ಸೆಂಟಿಮೀಟರಿಗೆ ಹೋಗಿ ನಿಲ್ಲುತ್ತದೆ. ಹತ್ತು ಸೆಂಟಿಮೀಟರಿನಲ್ಲಿ ಮೂರೇ ಮೂರು ಕಂಬದ ವ್ಯತ್ಯಾಸ, ಮೈಮೇಲೆ ಹನ್ನೊಂದು ಸೆಂಟಿಮೀಟರು ಜೋಳಿಗೆ. ನಿಮ್ಮ ಅಂಗಿಯ ಲೆಕ್ಕ ಪುಸ್ತಕದ್ದಲ್ಲ, ನಿಮ್ಮ ಕೈಯ ಆ ಚೌಕದ್ದು.

ಬಿಸಿಲು ಮೆಟ್ಟಿಲಿಗೆ ಬಂತು. ಕೈ ಈಗ ತಾನೇ ಓಡುತ್ತಿದೆ: ಒಂದು ಕಂಬ, ಎರಡು ಚೈನು, ಎರಡು ಬಿಟ್ಟು ಮತ್ತೊಂದು ಕಂಬ. ಕೈ ಹೀಗೆ ಕೂತಾಗ ಮಾತು ಬರುತ್ತದೆ. ಐರ್ಲೆಂಡಿನಲ್ಲಿ 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರ ಬಂದಾಗ ಹೆಂಗಸರು ಕ್ರೋಶಾ ಲೇಸು ಹಾಕಿ ಮಾರಿ ಮನೆಯ ಒಲೆ ಉರಿಸಿದರು. ಪಕ್ಕದ ಆಂಧ್ರದ ಗೋದಾವರಿ ತೀರದಲ್ಲಿ, ನರಸಾಪುರದ ಸುತ್ತಿನ ಹಳ್ಳಿಗಳಲ್ಲಿ, ಮಿಷನರಿಗಳಿಂದ ಬಂದ ಇದೇ ಕಲೆ ಇಂದಿಗೂ ನಡೆದಿದೆ. ಮರಿಯಾ ಮೀಸ್ ಎಂಬ ಸಮಾಜಶಾಸ್ತ್ರಜ್ಞೆ 1982ರಲ್ಲಿ ಆ ಲೇಸಿನ ಹೆಂಗಸರ ಮೇಲೆ ಒಂದು ಪುಸ್ತಕವನ್ನೇ ಬರೆದರು. ವಿದೇಶದ ಮಾರುಕಟ್ಟೆಗೆ ದುಡಿಯುತ್ತಿದ್ದರೂ ಅವರನ್ನು ಬಿಡುವಿನಲ್ಲಿ ಕಡ್ಡಿ ಆಡಿಸುವ ಗೃಹಿಣಿಯರು ಎಂದೇ ಎಣಿಸಲಾಗುತ್ತಿತ್ತು, ಕೂಲಿಯೂ ಹಾಗೇ ಇತ್ತು. ಹೆಣಿಗೆಗೆ ಯಂತ್ರ ಬಂದು ಬಹಳ ಕಾಲವಾಯಿತು, ಆದರೆ ಅಂಗಡಿಗೆ ಬರುವ ನಿಜವಾದ ಕ್ರೋಶಾ ಮಾತ್ರ ಈಗಲೂ ಕೈಯದೇ. ಅಗ್ಗದ ಬೆಲೆಯ ಚೀಟಿ ಹಚ್ಚಿದ ಕ್ರೋಶಾ ಅಂಗಿ ಕಂಡಾಗ, ಆರು ಸಾಲು ಬಿಚ್ಚಿ ಹಾಕಿದ ನಿಮಗೆ ಅದರ ಹಿಂದಿನ ಬೆರಳುಗಳು ನೆನಪಾಗಲೇಬೇಕು.

ವಾರಗಳು ಕಳೆದಿವೆ. ಅಂಗಿ ಸೊಂಟ ಮುಟ್ಟಿದೆ, ಕೆಳಗೆ ಚುಕ್ಕಿಯಂಥ ಪಿಕಾಟ್ ಅಂಚೂ ಬಂದಿದೆ. ಬಕೆಟ್ಟಿನ ನೀರಲ್ಲಿ ನೆನೆಸಿ, ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲಿನ ಹಳೇ ಪಂಚೆಗೆ ಗುಂಡುಸೂಜಿಗಳಿಂದ ಬಿಗಿಯುತ್ತೀರಿ. ಮುದುಡಿದ್ದ ಕಿಂಡಿಗಳು ಒಂದೊಂದಾಗಿ ಕಣ್ಣು ಬಿಡುತ್ತವೆ. ಟಿ.ವಿ. ಮೇಲಿನ ಹೊದಿಕೆಗೆ ಹಾಕುತ್ತಿದ್ದ ಗಂಜಿ ಇದಕ್ಕೆ ಬೇಡ, ಬಳುಕು ಹೋಗುತ್ತದೆ.

ಒಣಗಿದ ಮೇಲೆ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಲ್ಲುತ್ತೀರಿ. ಅಂಚುಗಳು ನೇರ, ಭುಜ ಸರಿ. ಆದರೆ ದೊಡ್ಡಮ್ಮ ಒಪ್ಪುವುದಿಲ್ಲ. ರಾತ್ರಿಯಿಡೀ ಹ್ಯಾಂಗರಿಗೆ ನೇತುಹಾಕಿಸುತ್ತಾರೆ. ಬೆಳಿಗ್ಗೆ ಟೇಪು ಹಿಡಿದರೆ ನಾಲ್ಕು ಸೆಂಟಿಮೀಟರು ಇಳಿದಿದೆ. ಹತ್ತಿ ದಾರ ಉಣ್ಣೆಯಲ್ಲ. ತನ್ನ ತೂಕಕ್ಕೆ ತಾನೇ ಜಗ್ಗಿದರೆ ಹಿಂದಕ್ಕೆ ಸೇದಿಕೊಳ್ಳುವ ಗುಣ ಅದಕ್ಕೆ ಕಡಿಮೆ.

ಕುತ್ತಿಗೆಯಿಂದಲೇ ಶುರು ಮಾಡು ಎಂದು ಅವರು ಹಟ ಹಿಡಿದದ್ದು ಯಾಕೆಂದು ಈಗ ತಿಳಿಯುತ್ತದೆ. ಕ್ರೋಶಾ ಬಿಚ್ಚುವುದು ಮುಗಿಸಿದ ತುದಿಯಿಂದ, ಶುರು ಮಾಡಿದ ತುದಿಯಿಂದಲ್ಲ. ಕೆಳಗಿನಿಂದ ಮೇಲಕ್ಕೆ ಹಾಕಿದ್ದರೆ ಈಗ ಉದ್ದ ಕಡಿಮೆ ಮಾಡಲು ಭುಜವನ್ನೇ ಕೆಡವಬೇಕಿತ್ತು.

“ಅಂಚು ಬಿಚ್ಚಿ ಐದು ಸಾಲು ತೆಗೆ,” ಎನ್ನುತ್ತಾರೆ ದೊಡ್ಡಮ್ಮ, ಕಾಫಿ ಲೋಟ ಕೆಳಗಿಡುತ್ತಾ. “ತೋಳಿಗೂ ಇದೇ ಲೆಕ್ಕ. ಮಣಿಕಟ್ಟಿಗೆ ಎರಡು ಬೆರಳು ಮುಂಚೆಯೇ ನಿಲ್ಲಿಸು, ಉಳಿದದ್ದು ಅದೇ ಇಳಿಯುತ್ತೆ.”

ಕೊನೆಯ ಗಂಟನ್ನು ಸೂಜಿಯ ಮೊನೆಯಲ್ಲಿ ಸಡಿಲಿಸುತ್ತೀರಿ. ದಾರ ಸಲೀಸಾಗಿ ಬರುತ್ತದೆ.